ಸಾಂಬ್ರಾದ ಆಕಾಶಕ್ಕೂ ಅಳತೆಯುಂಟು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರು ಬೆಳಗಾವಿಯಲ್ಲಿ ಜಾಗ ಹಿಡಿಯುವುದು ಹೆಚ್ಚಾಗಿ ಮಕ್ಕಳ ಓದಿಗಾಗಿ. ಊರ ಹೊಲ ಊರಲ್ಲೇ ಇರಲಿ, ಬಾಗಲಕೋಟೆ ರಸ್ತೆಗೆ, ವಿಮಾನ ನಿಲ್ದಾಣವಿರುವ ಸಾಂಬ್ರಾ ಸುತ್ತ ಒಂದು ಪ್ಲಾಟು ಇರಲಿ ಎಂಬ ಲೆಕ್ಕ. ಬೈಲಹೊಂಗಲದಲ್ಲಿ ಮನೆಯ ನಕ್ಷೆ ಬರೆಯುವ ನನ್ನ ಹತ್ತಿರ ಅವರು ಬರುವ ಹೊತ್ತಿಗೆ ಮುಂಗಡ ಕೊಟ್ಟಾಗಿರುತ್ತದೆ. ಲೇಔಟಿನವರ ಪತ್ರಿಕೆಯಲ್ಲಿ ‘ವಿಮಾನ ನಿಲ್ದಾಣಕ್ಕೆ ಐದೇ ನಿಮಿಷ’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಆ ಐದು ನಿಮಿಷದ ಬೆಲೆ ಏನೆಂದು ಮಾತ್ರ ಎಲ್ಲೂ ಬರೆದಿರುವುದಿಲ್ಲ.

ರಾಮದುರ್ಗದ ರೈತರೊಬ್ಬರು ನೇರವಾಗಿಯೇ ಕೇಳಿದ್ದರು: “ಜಾಗಾ ನಮ್ದು, ರೊಕ್ಕಾ ನಮ್ದು, ಮ್ಯಾಲಿನ ಆಕಾಶ ಯಾರ್ದ್ರಿ?” ಪ್ರಶ್ನೆ ತಮಾಷೆಯದಲ್ಲ. ವಿಮಾನ ನಿಲ್ದಾಣದ ಸುತ್ತ ಕಟ್ಟಡ ಕಟ್ಟುವುದನ್ನೂ ಗಿಡ ನೆಡುವುದನ್ನೂ ನಿಯಂತ್ರಿಸುವ ಅಧಿಕಾರ 1934ರ ವಿಮಾನ ಕಾಯ್ದೆಯಲ್ಲೇ ಇತ್ತು. ಈಗ ಅದರ ಜಾಗದಲ್ಲಿ 2024ರ ಭಾರತೀಯ ವಾಯುಯಾನ ಅಧಿನಿಯಮ ಬಂದಿದ್ದು, 2025ರ ಜನವರಿ 1ರಿಂದ ಜಾರಿಯಲ್ಲಿದೆ. ದಿನನಿತ್ಯದ ಕೆಲಸಕ್ಕೆ ನಾವು ನೋಡುವುದು 2015ರ ಎತ್ತರ ನಿರ್ಬಂಧ ನಿಯಮಗಳನ್ನು. ನಿಲ್ದಾಣದ ಸುತ್ತ 20 ಕಿಲೋಮೀಟರ್ ತ್ರಿಜ್ಯದ ವೃತ್ತ ಇವುಗಳ ವ್ಯಾಪ್ತಿ. ಬೈಲಹೊಂಗಲ ಪಟ್ಟಣ ಅದರ ಹೊರಗಿದೆ. ಕಿತ್ತೂರು, ಸವದತ್ತಿ, ರಾಮದುರ್ಗ ಇನ್ನೂ ದೂರ. ನೇಸರಗಿ, ಸಂಪಗಾವಿ ಕಡೆಯವರು ಮಾತ್ರ ನಿಲ್ದಾಣದ ಎತ್ತರ ಮಿತಿಯ ನಕ್ಷೆ ನೋಡಿಯೇ ಮಾತಾಡುವುದು ಒಳ್ಳೆಯದು.

ಆ ನಕ್ಷೆಗೆ ಬಣ್ಣಗಳಿವೆ. ಒಂದೊಂದು ಬಣ್ಣಕ್ಕೆ ಒಂದೊಂದು ಎತ್ತರದ ಮಿತಿ. ಆ ಮಿತಿಯೊಳಗೆ ಕಟ್ಟುವವರಿಗೆ ಸ್ಥಳೀಯ ಸಂಸ್ಥೆಯೇ ಅನುಮತಿ ಕೊಡಬಹುದು. ಕೆಂಪು ಬಣ್ಣದೊಳಗೆ ಪ್ಲಾಟು ಬಿದ್ದರೆ ಒಂದೇ ಅಂತಸ್ತಿಗೂ ಮೊದಲು ನಿರಾಕ್ಷೇಪಣಾ ಪತ್ರ ತರಬೇಕು. ಅರ್ಜಿಗೆ ಪ್ಲಾಟಿನ ಅಕ್ಷಾಂಶ–ರೇಖಾಂಶ ಬೇಕು, ನೆಲ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬ ಅಳತೆಯೂ ಬೇಕು. ಸಿಕ್ಕ ಪತ್ರಕ್ಕೆ ಅವಧಿಯೂ ಉಂಟು. ತಂದು ಪೆಟ್ಟಿಗೆಯಲ್ಲಿಟ್ಟು ಮೊಮ್ಮಕ್ಕಳ ಕಾಲಕ್ಕೆ ಕಟ್ಟುತ್ತೇನೆಂದರೆ ನಡೆಯುವುದಿಲ್ಲ.

ಈ ಸಮುದ್ರಮಟ್ಟದ ಲೆಕ್ಕವೇ ಜನಕ್ಕೆ ತಲೆಗೆ ಹೋಗದ್ದು. ನಾವು ಮಾತಾಡುವುದು ಅಂತಸ್ತಿನಲ್ಲಿ. ಪತ್ರದಲ್ಲಿ ಬರುವುದು ಕಟ್ಟಡದ ತುತ್ತತುದಿ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಮೀರಬಾರದು ಎಂದು. ನೀರಿನ ಟ್ಯಾಂಕು, ಮೆಟ್ಟಿಲ ಮೇಲಿನ ಕೋಣೆ, ಸಿಡಿಲು ತಡೆಯುವ ಸಲಾಕೆ, ಡಿಶ್ ಕಂಬ ಎಲ್ಲವೂ ಆ ತುದಿಯಲ್ಲಿ ಸೇರಿದವು. ಸಾಂಬ್ರಾ ನಿಲ್ದಾಣ 750 ಮೀಟರಿಗೂ ಮೇಲಿದೆ. ಸುತ್ತಲಿನ ಎರೆ ನೆಲ ಸಪಾಟಾಗಿ ಕಂಡರೂ ಒಂದೇ ಮಟ್ಟದಲ್ಲಿಲ್ಲ. ದಿಬ್ಬದ ಪ್ಲಾಟು ಗಾಳಿ ಬೆಳಕಿಗೆ ಚೆಂದವೆಂದು ಹೆಚ್ಚು ಹಣ ಕೊಟ್ಟವರಿಗೆ ಕಟ್ಟಲು ಸಿಗುವುದು ತಗ್ಗಿನವರಿಗಿಂತ ಕಡಿಮೆ.

ರನ್‌ವೇ ಹಾಸಿರುವುದು ಪೂರ್ವ–ಪಶ್ಚಿಮವಾಗಿ. ಅದರ ಪಕ್ಕಕ್ಕೆ ಸ್ವಲ್ಪ ದೂರದಲ್ಲಿದ್ದರೆ ಚಿಂತೆಯಿಲ್ಲ. ಅಂತರರಾಷ್ಟ್ರೀಯ ಮಾನದಂಡದಂತೆ ಸುಮಾರು 4 ಕಿಲೋಮೀಟರ್‌ವರೆಗೆ ನಿಲ್ದಾಣದ ಮಟ್ಟದಿಂದ 45 ಮೀಟರ್ ಮೇಲೆ ಅಡ್ಡಲಾಗಿ ಒಂದು ಕಾಣದ ಚಾವಣಿ ಇರುತ್ತದೆ. ನಮ್ಮ ಎರಡು–ಮೂರಂತಸ್ತಿನ ಮನೆ ಅದರ ಗೊಡವೆಗೇ ಹೋಗುವುದಿಲ್ಲ. ತೊಂದರೆ ರನ್‌ವೇಯ ನೇರಕ್ಕೆ. ಇಳಿಯುವ ವಿಮಾನಕ್ಕಾಗಿ ತುದಿಯಿಂದ 60 ಮೀಟರ್ ಬಿಟ್ಟು ಒಂದು ಇಳಿಜಾರು ಶುರುವಾಗುತ್ತದೆ, 50 ಮೀಟರ್ ದೂರಕ್ಕೆ 1 ಮೀಟರ್ ಏರಿನಂತೆ. ಅಲ್ಲಿಂದ 500 ಮೀಟರ್ ಆಚೆಗೆ ನಿಮಗೆ ಸಿಕ್ಕುವ ಎತ್ತರ 10 ಮೀಟರ್. ನೆಲವೇ ರನ್‌ವೇ ತುದಿಗಿಂತ 4 ಮೀಟರ್ ಎತ್ತರವಿದ್ದರೆ ಉಳಿದದ್ದು 6. ಮೇಲೊಂದು ಅಂತಸ್ತು, ಅದರ ಮೇಲೆ ಟ್ಯಾಂಕು ಎನ್ನುವಷ್ಟರಲ್ಲಿ ಲೆಕ್ಕ ಮುಗಿಯಿತು.

ಇನ್ನು ಗಿಡ. ನನ್ನ ಅನುಭವದಲ್ಲಿ ಮನೆಗಿಂತ ಹೆಚ್ಚು ಜಗಳ ತರುವುದು ಇದೇ. ಮನೆ ಕಟ್ಟಿದಲ್ಲಿಗೆ ನಿಂತಿತು, ನೀಲಗಿರಿ ನಿಲ್ಲುವುದಿಲ್ಲ. ಮಗು ಹುಟ್ಟಿದಾಗ ನೆಟ್ಟ ತೆಂಗು ಮಗು ಕಾಲೇಜು ಸೇರುವಾಗ ಇಳಿಜಾರಿನ ಗೆರೆ ದಾಟಿರಬಹುದು. ಬೇಲಿಗುಂಟ ಸಿಲ್ವರ್ ಓಕ್ ಹಚ್ಚುತ್ತೇನೆಂದವರಿಗೆ ಲಿಂಬೆ, ಪೇರಲ, ದಾಳಿಂಬೆ, ದಾಸವಾಳ ಹಚ್ಚಿರಿ ಎನ್ನುತ್ತೇನೆ. ಕೆಲವರು ಮುಖ ಸಿಂಡರಿಸುತ್ತಾರೆ. ಆದರೆ ಅಡೆತಡೆ ತೆಗೆಸುವ 1994ರ ನಿಯಮಗಳು ಕಟ್ಟಡದ ಜತೆ ಗಿಡವನ್ನೂ ಹೆಸರಿಟ್ಟು ಹೇಳುತ್ತವೆ: ನೋಟಿಸು ಕೊಟ್ಟು, ಅಳತೆ ಮಾಡಿ, ತೆಗೆಸಬಹುದು.

ಸವದತ್ತಿಯವರು ಬೇರೆ ವಾದ ಹೂಡುತ್ತಾರೆ. “ನಮ್ಮ ಗುಡ್ಡದ ಮ್ಯಾಲೆ ಗಾಳಿಯಂತ್ರ ಮುಗಿಲಿಗೆ ತಾಗ್ಯಾವು, ನಮ್ಮ ಮನಿಗೇನು?” ಎಂದು. ನಿಲ್ದಾಣಗಳಿಂದ ದೂರದ ಬಯಲಲ್ಲಿ ನೆಲದಿಂದ 150 ಮೀಟರ್ ದಾಟಿದರೆ ಅದನ್ನು ವಿಮಾನಕ್ಕೆ ಅಡೆತಡೆ ಎಂದು ಎಣಿಸುತ್ತಾರೆ. ಆ ಎತ್ತರದ ಕಂಬಗಳ ಮೇಲೆ ರಾತ್ರಿ ಮಿನುಗುವ ಕೆಂಪು ದೀಪ ಚಂದಕ್ಕಾಗಿ ಅಲ್ಲ. ರನ್‌ವೇ ತುದಿಯ ಲೆಕ್ಕವೇ ಬೇರೆ, ಗುಡ್ಡದ ಲೆಕ್ಕವೇ ಬೇರೆ.

ಜನ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ರನ್‌ವೇ ಇಷ್ಟೇ ಇರುತ್ತದೆಯೇ? ಸಾಂಬ್ರಾದ್ದು 1942ರಲ್ಲಿ ಬ್ರಿಟಿಷ್ ವಾಯುಪಡೆ ಮಾಡಿಕೊಂಡ ಪಟ್ಟಿ. ಸುಮಾರು 1,830 ಮೀಟರ್ ಇದ್ದದ್ದು ಈಗ 2,300 ಮೀಟರ್ ಆಗಿದೆ. 2017ರಲ್ಲಿ ಟರ್ಮಿನಲ್ ಬಂತು, 2024ರ ಮಾರ್ಚ್ 10ರಂದು ಮತ್ತೊಂದು ಟರ್ಮಿನಲ್‌ಗೆ ಅಡಿಗಲ್ಲು ಬಿತ್ತು. ರನ್‌ವೇ ತುದಿ ಸರಿದರೆ ಇಳಿಜಾರಿನ ಬುಡವೂ ಸರಿಯುತ್ತದೆ. ನಿನ್ನೆ ನಿರಾತಂಕವಾಗಿದ್ದ ಮಾಳಿಗೆ ನಾಳೆ ಗೆರೆಗೆ ಹತ್ತಿರವಾಗುತ್ತದೆ.

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರುತ್ತಿದ್ದ ವಿಮಾನ ವೈದ್ಯಕೀಯ ವಿದ್ಯಾರ್ಥಿಗಳ ಹಾಸ್ಟೆಲಿಗೆ ಬಿತ್ತು. ಅದು ಬಿದ್ದದ್ದು ಕಟ್ಟಡದ ಎತ್ತರದಿಂದಲ್ಲ. ಆದರೆ ಕೆಲವೇ ದಿನಗಳಲ್ಲಿ ಕೇಂದ್ರ ಸರಕಾರ ಅಡೆತಡೆಯ ಕಟ್ಟಡ, ಮರಗಳನ್ನು ತೆಗೆಸುವ ಹೊಸ ಕರಡು ನಿಯಮ ಹೊರಡಿಸಿತು. ಬಿಗಿ ಹೆಚ್ಚಾಗುವುದೇ ಹೊರತು ಸಡಿಲಾಗುವ ಲಕ್ಷಣ ನನಗಂತೂ ಕಾಣುವುದಿಲ್ಲ.

ಅದಕ್ಕೇ ನಮ್ಮ ಕಡೆಯವರಲ್ಲಿ ಒಂದು ವಿನಂತಿ. ಸಾಂಬ್ರಾ ಸುತ್ತ ಪ್ಲಾಟು ನೋಡಿದರೆ ಮುಂಗಡ ಕೊಡುವ ಮೊದಲು ಮಾರುವವರಿಂದ ಸರ್ವೆ ನಂಬರಿನ ಜತೆ ಅಕ್ಷಾಂಶ–ರೇಖಾಂಶ, ನೆಲದ ಎತ್ತರ ಬರೆಸಿಕೊಳ್ಳಿ. ಬಣ್ಣದ ನಕ್ಷೆಯಲ್ಲಿ ಆ ಜಾಗ ಯಾವ ಬಣ್ಣದಲ್ಲಿದೆ ಎಂದು ನಿಮ್ಮ ಇಂಜಿನಿಯರ್ ಕೈಲಿ ನೋಡಿಸಿ. ಈ ವಿವರ ಕೊಡಲು ಮಾರುವವರು ಹಿಂದೇಟು ಹಾಕಿದರೆ ಆ ವ್ಯವಹಾರ ಬಿಡಿ, ಬೆಳಗಾವಿಗೆ ಬೇರೆ ದಿಕ್ಕಿನಲ್ಲೂ ಪ್ಲಾಟುಗಳಿವೆ.