ಹೋರಿಯ ಸಿಟ್ಟಿಗೆ ಮೂಲವೆಲ್ಲಿ?

ಹೋರಿಗಳು ಕಾದಾಡಲು, ಬೆದೆಗೆ ಬಂದ ಹಸುವಿನ ಬೆನ್ನುಹತ್ತಲು ವೃಷಣದಲ್ಲಿ ಉತ್ಪತ್ತಿಯಾಗುವ ಟೆಸ್ಟೊಸ್ಟಿರಾನ್ ಹಾರ್ಮೋನು ಮುಖ್ಯ ಕಾರಣ. ಆದರೆ ಹಾರ್ಮೋನು ಕೀಲಿಕೈ ಮಾತ್ರ. ಮಿದುಳಿನ ಜೀವಕೋಶಗಳಲ್ಲಿರುವ 'ಗ್ರಾಹಕ'ವೆಂಬ ಪ್ರೋಟೀನು ಅದರ ಬೀಗ. ಈ ಬೀಗದ ರಚನೆ ವಂಶವಾಹಿಯಲ್ಲಿ ಅಡಗಿದೆ.

ಟೆಸ್ಟೊಸ್ಟಿರಾನಿನ ಒಂದು ಭಾಗ ಮಿದುಳಿನಲ್ಲಿ ಈಸ್ಟ್ರೊಜನ್ ಆಗಿ ಮಾರ್ಪಡುತ್ತದೆ. 1997ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಈಸ್ಟ್ರೊಜನ್ನಿನ ಆಲ್ಫಾ ಗ್ರಾಹಕದ ವಂಶವಾಹಿ ಕೆಲಸ ಮಾಡದ ಗಂಡು ಸುಂಡಿಲಿಗಳ ಕಾದಾಟ ಬಹಳ ಕಡಿಮೆಯಾಯಿತು, ಕೂಡುವಿಕೆಯೂ ಪೂರ್ಣವಾಗಲಿಲ್ಲ. ಇವುಗಳಿಗೆ ಟೆಸ್ಟೊಸ್ಟಿರಾನಿನ ಕೊರತೆ ಇರಲಿಲ್ಲ!

ಬೀಜ ಒಡೆಸಿದಾಗ ಕೀಲಿಕೈ ಇಲ್ಲವಾಗುತ್ತದೆ. ಕಲಿತ ಚಾಳಿ ಉಳಿಯಬಹುದು. ಆದ್ದರಿಂದ ತಳಿಗೆ ಬೇಡದ ಹೋರಿಗರುಗಳಿಗೆ, ಹಾಯುವ ಚಾಳಿ ಬೇರೂರುವ ಮೊದಲೇ, ಪಶುವೈದ್ಯರಿಂದ ಅರಿವಳಿಕೆ ಕೊಡಿಸಿ ಈ ಕೆಲಸ ಮಾಡಿಸಿರಿ. ಎಷ್ಟೇ ಸಾಧುವಾಗಿದ್ದರೂ ಬೀಜದ ಹೋರಿಯನ್ನು ಮೂಗುದಾರವಿಲ್ಲದೆ ಹಿಡಿಯಬೇಡಿರಿ.