ಪಟ್ಟೆ ಮೀನಿಗೆ ಎಷ್ಟು ಹೆಸರು?

ಮಂಗಳೂರಿನಲ್ಲಿ ನಾವು ಬಂಗುಡೆ ಎಂದು ಕೊಳ್ಳುವ ಮೀನನ್ನು ಕೇರಳದವರು ಅಯಲ ಎನ್ನುತ್ತಾರೆ. ಭಾಷೆ ಬೇರೆಯಾದರೆ ಹೆಸರೂ ಬೇರೆಯಾಗುವುದು ಸಹಜ. ಆದರೆ ಒಂದೇ ಭಾಷೆ ಆಡುವವರು ಒಂದೇ ಮೀನಿಗೆ ಬೇರೆ ಬೇರೆ ಹೆಸರು ಇಟ್ಟರೆ?

ಅಮೆರಿಕದ ಪೂರ್ವ ಕರಾವಳಿಯಲ್ಲಿ, ದಡಕ್ಕೆ ಹತ್ತಿರದ ಕಡಲಿನಲ್ಲಿ, ಬೆಳ್ಳಿ ಬಣ್ಣದ ಒಂದು ಮೀನಿದೆ. ಕಿವಿರಿನ ಹಿಂದಿನಿಂದ ಬಾಲದವರೆಗೆ ಅದರ ಮೈಮೇಲೆ ಏಳೆಂಟು ಕಪ್ಪು ಪಟ್ಟೆಗಳು. ಗೆರೆ ಹಾಕಿದ ಕಾಪಿ ಪುಸ್ತಕದ ಹಾಳೆಯಂತೆ! 2011ರಲ್ಲಿ ಗಾಳಕ್ಕೆ ಸಿಕ್ಕ ಒಂದು ಮೀನು ಸುಮಾರು 37 ಕಿಲೋಗ್ರಾಂ ತೂಗಿತು. ಚಳಿಗಾಲ ಕಳೆದ ಮೇಲೆ ಇದು ಮೊಟ್ಟೆಯಿಡಲು ನದಿಗಳ ಸಿಹಿನೀರಿಗೆ ಏರಿ ಬರುತ್ತದೆ.

ಪುಸ್ತಕಗಳಲ್ಲಿ ಇದರ ಹೆಸರು ಸ್ಟ್ರೈಪ್ಡ್ ಬಾಸ್. ಉತ್ತರದ ಕಡೆಯ ಬೆಸ್ತರು ಸ್ಟ್ರೈಪರ್ ಎನ್ನುತ್ತಾರೆ, ಅಂದರೆ ಪಟ್ಟೆಯುಳ್ಳದ್ದು. ಚೆಸಪೀಕ್ ಕೊಲ್ಲಿಯ ಸುತ್ತಲಿನವರಿಗೆ ಇದು ರಾಕ್‌ಫಿಶ್, ಅಂದರೆ ಬಂಡೆಮೀನು. ಕಲ್ಲುಬಂಡೆಗಳ ನಡುವೆ ಇದು ಸುಳಿದಾಡುವುದುಂಟು. ಒಬ್ಬರು ಮೈ ನೋಡಿ ಹೆಸರಿಟ್ಟರು, ಇನ್ನೊಬ್ಬರು ಮನೆ ನೋಡಿ.

1879ರಲ್ಲಿ ಈ ಮೀನಿನ ನೂರಕ್ಕೂ ಹೆಚ್ಚು ಮರಿಗಳನ್ನು ರೈಲಿನಲ್ಲಿ ಪಶ್ಚಿಮ ಕರಾವಳಿಗೆ ಒಯ್ದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನೀರಿಗೆ ಬಿಟ್ಟರು. ಅವು ಅಲ್ಲಿಯೂ ಚೆನ್ನಾಗಿ ಹೆಚ್ಚಿದವು. ಆದರೆ ಅಲ್ಲಿ ರಾಕ್‌ಫಿಶ್ ಕೊಡಿ ಎಂದರೆ ಈ ಮೀನು ಸಿಗದು! ಆ ಕರಾವಳಿಯಲ್ಲಿ ಆ ಹೆಸರು ಬೇರೆಯೇ ಕುಲದ ಹತ್ತಾರು ಮೀನುಗಳಿಗೆ ಸೇರಿದ್ದು.

ಇದು ಬರೀ ತಮಾಷೆಯ ಗೊಂದಲವಲ್ಲ. 1970ರ ದಶಕದ ಕೊನೆಗೆ ಪೂರ್ವ ಕರಾವಳಿಯಲ್ಲಿ ಪಟ್ಟೆ ಮೀನು ತೀರಾ ಕಡಿಮೆಯಾಯಿತು. ಮಿತಿಮೀರಿ ಹಿಡಿದದ್ದು ಒಂದು ಮುಖ್ಯ ಕಾರಣ. 1985ರಲ್ಲಿ ಮೇರಿಲ್ಯಾಂಡ್ ರಾಜ್ಯ ಇದನ್ನು ಹಿಡಿಯುವುದನ್ನೇ ನಿಲ್ಲಿಸಿತು. 1990ರವರೆಗೆ ನಿಷೇಧ ಮುಂದುವರಿಯಿತು. ಬೆಸ್ತರ ಸಂಪಾದನೆಗೆ ಪೆಟ್ಟು ಬಿದ್ದಿತು, ಮೀನು ಮಾತ್ರ ಮತ್ತೆ ಹೆಚ್ಚಿತು. ಹಿಡಿಯಬೇಡಿ ಎಂದು ಹೇಳುವಾಗ ಯಾವ ಮೀನು ಎಂಬುದು ಸ್ಪಷ್ಟವಾಗಿರಬೇಕಲ್ಲವೇ? ಆದ್ದರಿಂದಲೇ ಈ ಮೀನನ್ನು ಉಳಿಸಲು 1984ರಲ್ಲಿ ಅಮೆರಿಕ ಮಾಡಿದ ಕಾನೂನಿನಲ್ಲಿ ಅದರ ವೈಜ್ಞಾನಿಕ ಹೆಸರನ್ನೇ ಬರೆದಿದ್ದಾರೆ: ಮೊರೋನ್ ಸ್ಯಾಕ್ಸಾಟಿಲಿಸ್. ಯಾವ ದೇಶಕ್ಕೆ ಹೋದರೂ ಈ ಹೆಸರು ಬದಲಾಗದು.

ಸ್ಯಾಕ್ಸಾಟಿಲಿಸ್ ಎಂಬುದು ಲ್ಯಾಟಿನ್ ಪದ. ಅದರ ಅರ್ಥ ಬಂಡೆಗಳ ನಡುವೆ ಇರುವುದು. 1792ರಲ್ಲಿ ಈ ಹೆಸರು ಕೊಟ್ಟ ಜರ್ಮನಿಯ ವಾಲ್‌ಬಾಮ್ ಅವರೂ ಪಟ್ಟೆಯನ್ನು ಬಿಟ್ಟು ಬಂಡೆಯನ್ನೇ ಆರಿಸಿಕೊಂಡರು ನೋಡಿ!

ಮಾಡಿ ನೋಡಿ: ನಿಮ್ಮೂರಿನ ಕೆರೆ, ಹೊಳೆ ಅಥವಾ ಸಂತೆಯಲ್ಲಿ ಸಿಗುವ ಒಂದು ಮೀನನ್ನು ಆರಿಸಿಕೊಳ್ಳಿ. ಅದರ ಹೆಸರನ್ನು ಅಜ್ಜಿಯನ್ನು, ಮೀನು ಮಾರುವವರನ್ನು, ಬೇರೆ ಊರಿನ ನೆಂಟರನ್ನು ಕೇಳಿ ಬರೆದುಕೊಳ್ಳಿ. ಪ್ರತಿ ಹೆಸರಿನ ಮುಂದೆ ಅದು ಬಣ್ಣದಿಂದ ಬಂದದ್ದೋ, ಆಕಾರದಿಂದಲೋ, ವಾಸಸ್ಥಳದಿಂದಲೋ ಗುರುತಿಸಿ.