ಬಂಡೆಯ ಡೇಸಿಯೂ ಅದರ ಬಂಧುಗಳೂ

ಪೂಜೆಯ ತಟ್ಟೆಯಲ್ಲಿಡುವ ಸೇವಂತಿಗೆಯನ್ನು ಎಲ್ಲರೂ ಒಂದು ಹೂವೆಂದೇ ತಿಳಿದಿದ್ದಾರೆ. ಅದರ ಎಸಳುಗಳನ್ನು ಬುಡಸಮೇತ ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದರೆ ಬೇರೆಯೇ ಸಂಗತಿ ಗೋಚರಿಸುತ್ತದೆ. ಎಸಳೆಂದು ಕಾಣುವ ಒಂದೊಂದೂ ಒಂದು ಪುಟ್ಟ ಹೂವು. ಹೀಗೆ ಅನೇಕ ಕಿರುಹೂಗಳು ಒಂದೇ ಪೀಠದ ಮೇಲೆ ಒತ್ತಾಗಿ ಕುಳಿತು ಒಂದೇ ಹೂವಿನಂತೆ ತೋರುತ್ತವೆ. ಆಸ್ಟರೇಸಿ ಎಂಬ ಈ ಸಸ್ಯಕುಟುಂಬದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ಪ್ರಭೇದಗಳಿವೆ.

ಇವುಗಳಲ್ಲಿ ಅತಿ ವಿರಳವಾದದ್ದೊಂದು ಪ್ಯಾನಮಿಂಟ್ ಡೇಸಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಡೆತ್ ವ್ಯಾಲಿ, ಅಂದರೆ ಮೃತ್ಯುಕಣಿವೆ, ಎಂಬ ಮರುಭೂಮಿಯಿದೆ. 1913ರಲ್ಲಿ ಅಲ್ಲಿ 56.7 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಕಣಿವೆಯ ತಳದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 5 ಸೆಂಟಿಮೀಟರ್. ಬೆಂಗಳೂರಿಗೆ ಅದರ ಹದಿನೈದು ಪಾಲಿಗೂ ಹೆಚ್ಚು ಮಳೆಯಾಗುತ್ತದೆ. ಆ ಕಣಿವೆಯ ಪಡುವಣ ಗೋಡೆಯಂತಿರುವ ಪ್ಯಾನಮಿಂಟ್ ಪರ್ವತಸಾಲಿನ ಪಶ್ಚಿಮ ಮಗ್ಗುಲ ಕಲ್ಲುಕಮರಿಗಳೇ ಈ ಗಿಡದ ನೆಲೆ. ಎಲೆಗಳು ಬುಡದಲ್ಲಿಯೇ ಗುಂಪುಗೂಡಿ, ಬೆಳ್ಳಿಯಂತಹ ದಟ್ಟ ರೋಮಗಳನ್ನು ಹೊದ್ದಿರುತ್ತವೆ. ಈ ಹೊದಿಕೆ ಬಿಸಿಲನ್ನು ಹಿಂದಕ್ಕೆ ಚೆಲ್ಲಿ ಎಲೆಯ ತೇವವನ್ನು ಕಾಯುತ್ತದೆ. ನಡುವೆ ಎಲೆಯಿಲ್ಲದ ಉದ್ದನೆಯ ತೊಟ್ಟುಗಳೆದ್ದು, ತುದಿಯಲ್ಲಿ ಅಂಗೈಯಗಲದ ಹಳದಿ ಹೂ ಅರಳುತ್ತದೆ. 1891ರಲ್ಲಿ ಆ ಪ್ರದೇಶದ ಸಸ್ಯಗಳನ್ನು ಶೋಧಿಸಿದ ಫ್ರೆಡರಿಕ್ ಕೋವಿಲ್ ಅವರ ನೆನಪಿಗಾಗಿ ಇದಕ್ಕೆ ಎನ್ಸೆಲಿಯಾಪ್ಸಿಸ್ ಕೋವಿಲೈ ಎಂದು ಹೆಸರಿಟ್ಟರು. ಅನ್ಯ ಗಿಡಗಳು ಬದುಕಲಾರದ ಕಡೆ ಬದುಕಬಲ್ಲದೆಂಬುದು ಇದರ ಬಲ. ಅಲ್ಲಿ ಬಿಟ್ಟರೆ ಬೇರೆಲ್ಲಿಯೂ ತಾನಾಗಿ ಬೆಳೆಯದೆಂಬುದು ದೌರ್ಬಲ್ಯ. ಆ ಮಗ್ಗುಲಲ್ಲಿ ಚಿನ್ನದ ಗಣಿಗಾರಿಕೆಯೂ ನಡೆದಿದೆಯೆಂಬುದನ್ನು ನೆನೆದರೆ ಅಪಾಯದ ಅರಿವಾಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಬಂಧುವೊಂದನ್ನು ಕಾಣಲು ದೂರ ಹೋಗಬೇಕಿಲ್ಲ. ಯಲಹಂಕ, ಯಶವಂತಪುರಗಳ ಖಾಲಿ ನಿವೇಶನಗಳಲ್ಲಿ, ರೈಲುದಾರಿಯ ಬದಿಯಲ್ಲಿ ಬೆಳೆಯುವ ಪಾರ್ಥೇನಿಯಮ್, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ, ಇದೇ ಕುಟುಂಬದ್ದು. ಅದೂ ಅಮೆರಿಕ ಖಂಡದಿಂದಲೇ ಬಂದದ್ದು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಕಳೆ ದೇಶವನ್ನೆಲ್ಲ ಆವರಿಸಿ, ಅನೇಕರಿಗೆ ತುರಿಕೆ, ಉಬ್ಬಸಗಳನ್ನು ತಂದಿತು. ಇದನ್ನು ಹತೋಟಿಗೆ ತರಲು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1983ರಲ್ಲಿ ಮೆಕ್ಸಿಕೋದಿಂದ ಜೈಗೋಗ್ರಾಮ ಎಂಬ ಚಿಕ್ಕ ದುಂಬಿಯನ್ನು ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ತನ್ನ ಕೆಲಸವನ್ನೇನೋ ಮಾಡಿತು. ಆದರೆ 1991ರ ಸುಮಾರಿಗೆ ಅದು ಸೂರ್ಯಕಾಂತಿಯ ಎಲೆಗಳನ್ನೂ ಕಡಿಯುತ್ತಿರುವುದು ಕಂಡುಬಂದು ಕಳವಳ ಹುಟ್ಟಿತು. ಸೂರ್ಯಕಾಂತಿಯೂ ಅದೇ ಕುಟುಂಬದ ಗಿಡವಲ್ಲವೆ? ಪಾರ್ಥೇನಿಯಮಿನ ಪರಾಗ ಗಾಳಿಯಲ್ಲಿ ಬಂದು ಬಿದ್ದ ಎಲೆಗಳೇ ದುಂಬಿಯನ್ನು ಮೋಸಗೊಳಿಸಿದ್ದವೆಂದು ಅನಂತರದ ಅಧ್ಯಯನಗಳಿಂದ ತಿಳಿಯಿತು.

ಸೂರ್ಯಕಾಂತಿಯ ವಿಷಯದಲ್ಲಿ ಹೆಬ್ಬಾಳಕ್ಕೆ ಒಂದು ಹಿರಿಮೆಯಿದೆ. ಭಾರತದ ಮೊದಲ ಸಂಕರ ಸೂರ್ಯಕಾಂತಿ ತಳಿಯಾದ ಬಿ.ಎಸ್.ಎಚ್.-1ನ್ನು 1980ರಲ್ಲಿ ಬಿಡುಗಡೆ ಮಾಡಿದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ. ಸಂಕರ ಬೀಜ ತಯಾರಿಸಲು ತನ್ನದೇ ಪರಾಗ ಸುರಿಸದ ತಾಯಿಗಿಡ ಬೇಕು. ಸಾವಿರಾರು ಹೂಗಳಿಂದ ಕೇಸರಗಳನ್ನು ಕೈಯಿಂದ ಕೀಳುತ್ತ ಕೂರುವುದು ಆಗದ ಮಾತು. ಆ ಗುಣ ದೊರೆತದ್ದು ಹೊಲದ ಸೂರ್ಯಕಾಂತಿಯಲ್ಲಲ್ಲ. ಫ್ರಾನ್ಸಿನ ಲೆಕ್ಲೆರ್ಕ್ ಎಂಬ ವಿಜ್ಞಾನಿ, ಉತ್ತರ ಅಮೆರಿಕದ ಮರಳುಬಯಲುಗಳಲ್ಲಿ ಬೆಳೆಯುವ ಹೆಲಿಯಾಂಥಸ್ ಪೆಟಿಯೊಲಾರಿಸ್ ಎಂಬ ಕಾಡುಗಿಡಕ್ಕೆ ಸೂರ್ಯಕಾಂತಿಯ ಪರಾಗ ಕೂಡಿಸಿ ಪಡೆದ ಸಂತತಿಯಲ್ಲಿ ಅದನ್ನು ಕಂಡು, 1969ರಲ್ಲಿ ಪ್ರಕಟಿಸಿದರು. ಇಂದಿಗೂ ಜಗತ್ತಿನ ಬಹುಪಾಲು ಸಂಕರ ಸೂರ್ಯಕಾಂತಿಗಳ ತಾಯಿಸಾಲು ಆ ಕಾಡುಗಿಡದಿಂದಲೇ ಇಳಿದು ಬಂದದ್ದು.